ಪ್ಯಾಸೇಜಿನಲ್ಲಿ ಇಲ್ಲದ್ದು

ಅಕ್ಕನ ಮಗಳು ಕ್ಲ್ಯಾಟ್‌ಗೆ (ನ್ಯಾಷನಲ್ ಲಾ ಸ್ಕೂಲುಗಳ ಪ್ರವೇಶ ಪರೀಕ್ಷೆಗೆ) ಓದುವುದಕ್ಕೆಂದು ತುಮಕೂರಿನ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಈ ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಬೆಂಗಳೂರಿನ ಒಂದು ಕೇಂದ್ರದಲ್ಲಿ ಪರೀಕ್ಷೆ ಬರೆದು ಬಂದಳು. ಹೇಗಾಯಿತು ಎಂದು ಕೋರ್ಟಿನಲ್ಲಿ ಗೆಳೆಯರು ಕೇಳಿದರೆ "ಪರವಾಗಿಲ್ಲವಂತೆ" ಎಂದಷ್ಟೇ ಹೇಳುತ್ತೇನೆ. ಫಲಿತಾಂಶ ಬಂದಾಗ ಬರಲಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿರುವುದು ಅಕ್ಟೋಬರಿನ ಒಂದು ಸಂಜೆ ಅವಳು ಕೇಳಿದ ಪ್ರಶ್ನೆ. ಇಪ್ಪತ್ತೊಂದು ವರ್ಷದಿಂದ ಕರಿಕೋಟು ಹಾಕುತ್ತಿದ್ದೇನೆ. ಎದುರು ವಕೀಲರ ಪಾಟಿಸವಾಲಿಗೆ ಎಷ್ಟೋ ಸಾಕ್ಷಿಗಳನ್ನು ತಯಾರು ಮಾಡಿ ಕಟಕಟೆ ಹತ್ತಿಸಿದ್ದೇನೆ. ಆ ಸಂಜೆ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಪ್ರಶ್ನೆ ಹುಟ್ಟಿದ್ದು ಈ ಪರೀಕ್ಷೆಯಿಂದಲೇ. ಹಾಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ.

ನೂರಿಪ್ಪತ್ತು ಪ್ರಶ್ನೆ, ನೂರಿಪ್ಪತ್ತು ನಿಮಿಷ

ನಮ್ಮ ಕಾಲದಲ್ಲಿ ಲಾ ಓದುವುದಕ್ಕೆ ಪರೀಕ್ಷೆ ಬರೆಯಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಬಿ.ಎ. ಅಂಕಪಟ್ಟಿ ಹಿಡಿದು ಊರಲ್ಲೇ ಇದ್ದ ಕಾಲೇಜಿಗೆ ಹೋದೆ, ಸೇರಿಸಿಕೊಂಡರು. ಇಲ್ಲಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ನಮ್ಮದೇ ರಾಜ್ಯದ 1986ರ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಷನಲ್ ಲಾ ಸ್ಕೂಲ್ 1988ರಿಂದಲೇ ಪಾಠ ಮಾಡುತ್ತಿತ್ತು. ಅದರ ಹೆಸರು ನನ್ನ ಕಿವಿಗೆ ಬಿದ್ದದ್ದು ಸನ್ನದು ಪಡೆದು ಎರಡು ವರ್ಷವಾದ ಮೇಲೆ. 2008ರಲ್ಲಿ ಇಂಥ ಲಾ ಸ್ಕೂಲುಗಳು ಸೇರಿ ಒಂದೇ ಪ್ರವೇಶ ಪರೀಕ್ಷೆ ಶುರುಮಾಡಿದಾಗ ನಾನು ಆಗಲೇ ಸ್ವಂತ ಬೋರ್ಡು ಹಾಕಿಕೊಂಡು ಪಾಲು ದಾವೆ, ದಾರಿ ತಕರಾರು, ತಡೆಯಾಜ್ಞೆ ಅರ್ಜಿಗಳಲ್ಲಿ ಮುಳುಗಿದ್ದೆ. ಆದ್ದರಿಂದ ಪುಟ್ಟಿ (ಮನೆಯಲ್ಲಿ ಅವಳನ್ನು ಕರೆಯುವುದು ಹಾಗೇ) ಮೊದಲ ಪಿಯುಸಿಯಲ್ಲಿ ಇದ್ದಾಗ "ನಾನು ಕ್ಲ್ಯಾಟ್ ಬರೀತೀನಿ ಮಾವ" ಎಂದಾಗ ನನಗೆ ಹೆಮ್ಮೆಯಾಯಿತು, ಅದರ ಆಳ ಗೊತ್ತಾಗಲಿಲ್ಲ.

ಆಳ ಗೊತ್ತಾದದ್ದು ಈ ಜುಲೈನ ಒಂದು ಭಾನುವಾರ. ಅವಳು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಅಣಕು ಪರೀಕ್ಷೆಯ ಪತ್ರಿಕೆಯನ್ನು ಎರಡು ಪ್ರತಿ ತೆಗೆಸಿಕೊಂಡು ಬಂದಳು. "ನೀವೂ ಕೂತ್ಕೊಳ್ಳಿ ಮಾವ, ಒಬ್ಳೇ ಬರೆದ್ರೆ ನಿದ್ದೆ ಬರುತ್ತೆ." ಹಜಾರದ ಮೇಜಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಅಲಾರಾಂ ಗಡಿಯಾರ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಲೆಕ್ಕಕ್ಕೆ ಒಂದು ಪ್ರಶ್ನೆಗೆ ಒಂದು ನಿಮಿಷ, ಆದರೆ ಆ ನಿಮಿಷದೊಳಗೇ ಪ್ಯಾಸೇಜ್ ಓದುವುದೂ ಆಗಬೇಕು. 2020ರಿಂದ ಪರೀಕ್ಷೆಯ ರೂಪವೇ ಹಾಗೆ: ಇಂಗ್ಲಿಷ್ ಇರಲಿ, ಪ್ರಚಲಿತ ವಿದ್ಯಮಾನ ಇರಲಿ, ಕಾನೂನು ಇರಲಿ, ತರ್ಕ ಇರಲಿ, ಮೊದಲು ನಾನೂರು ಐನೂರು ಪದಗಳ ಒಂದು ಗದ್ಯ, ಅದರ ಬಾಲದಲ್ಲಿ ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅಲಾರಾಂ ಹೊಡೆದಾಗ ನಾನು 74ನೇ ಪ್ರಶ್ನೆಯಲ್ಲಿದ್ದೆ. ಅವಳು 103 ಮುಗಿಸಿದ್ದಳು. ವೇಗ ನನ್ನದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಕಾನೂನಿನ ಭಾಗದಲ್ಲಿ ನಾನು ಉತ್ತರಿಸಿದ 22 ಪ್ರಶ್ನೆಗಳಲ್ಲಿ ಸರಿಯಾದದ್ದು 11 ಮಾತ್ರ ಎಂದು ಅವಳು ಎಣಿಸಿ ಹೇಳಿದಾಗ ಸಮಾಧಾನಕ್ಕೆ ಜಾಗ ಉಳಿಯಲಿಲ್ಲ.

ಒಂದು ಪ್ಯಾಸೇಜ್ ಸಹಿಯ ಕುರಿತು ಇತ್ತು. ಒಬ್ಬ ವ್ಯಕ್ತಿ ಒಂದು ದಸ್ತಾವೇಜಿಗೆ ಸಹಿ ಹಾಕಿದರೆ, ಓದಿರಲಿ ಬಿಡಲಿ, ಅದರಲ್ಲಿ ಬರೆದದ್ದಕ್ಕೆ ಬದ್ಧ. ಮೋಸ ಮಾಡಿ ಅಥವಾ ಸುಳ್ಳು ಹೇಳಿ ಸಹಿ ಹಾಕಿಸಿದ್ದರೆ ಮಾತ್ರ ವಿನಾಯಿತಿ, ಎಂಬುದು ಅದರ ಸಾರ. ಕೆಳಗೊಂದು ಸಂಗತಿ: ವಯಸ್ಸಾದ ಒಬ್ಬರು ತಮ್ಮನ್ನು ನೋಡಿಕೊಳ್ಳುತ್ತಿರುವ ಅಣ್ಣನ ಮಗ ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕುತ್ತಾರೆ. ಅವರು ಬದ್ಧರೋ ಅಲ್ಲವೋ? ನನಗೆ ಎರಡನೇ ಯೋಚನೆಯೇ ಬರಲಿಲ್ಲ. ಕರಾರು ಕಾಯ್ದೆಯ 16ನೇ ಕಲಮು, ಅನುಚಿತ ಪ್ರಭಾವ. ಆಶ್ರಯದಲ್ಲಿರುವ ಮುದುಕರು, ಆಶ್ರಯ ಕೊಟ್ಟವನಿಂದಲೇ ಕಾಗದ. ಬದ್ಧರಲ್ಲ ಎಂದು ಗುರುತು ಹಾಕಿದೆ. ಸರಿಯುತ್ತರ: ಬದ್ಧರು.

"ಇದು ತಪ್ಪು ಪುಟ್ಟಿ. ಈ ಕೇಸು ನನ್ನ ಹತ್ರ ಬಂದ್ರೆ ನಾನು ಗೆಲ್ತೀನಿ."

"ಗೆಲ್ತೀರ ಮಾವ. ಆದ್ರೆ ಪ್ಯಾಸೇಜ್‌ನಲ್ಲಿ ಅನುಚಿತ ಪ್ರಭಾವ ಅಂತ ಎಲ್ಲಿದೆ ತೋರ್ಸಿ? ಮೋಸ, ಸುಳ್ಳು ಎರಡೇ ಇರೋದು. ನಿಮಗೆ ಗೊತ್ತಿರೋದನ್ನೆಲ್ಲ ಪಕ್ಕಕ್ಕಿಟ್ಟು ಓದ್ಬೇಕು. ಪ್ಯಾಸೇಜ್‌ನಲ್ಲಿ ಇಲ್ದೇ ಇರೋದು ಇಲ್ಲ ಅಂತಾನೇ ಲೆಕ್ಕ."

ನಾನು ಬಿಡಲಿಲ್ಲ. ಉತ್ತರಪಟ್ಟಿಯೇನು ವೇದವಾಕ್ಯವೇ ಎಂದೆ. 2024ರ ಡಿಸೆಂಬರಿನ ಪರೀಕ್ಷೆಯ ಉತ್ತರಗಳ ಮೇಲೆ ತಕರಾರು ಎದ್ದು, ಮೊದಲು ದೆಹಲಿ ಹೈಕೋರ್ಟಿನಲ್ಲಿ, ಆಮೇಲೆ 2025ರ ಮೇನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳೇ ಕೂತು ಪ್ರಶ್ನೆ ಪ್ರಶ್ನೆಯಾಗಿ ಉತ್ತರ ತಿದ್ದಬೇಕಾಯಿತಲ್ಲ, ಪ್ರಶ್ನೆ ತೆಗೆಯುವವರ ಉದಾಸೀನಕ್ಕೆ ನ್ಯಾಯಾಲಯ ನೊಂದುಕೊಂಡಿತಲ್ಲ ಎಂದೆ. ಅಷ್ಟು ತಿಂಗಳು ಆ ಮಕ್ಕಳು ಸೀಟು ಗೊತ್ತಿಲ್ಲದೆ ಕಾದರು. ಈಗಲೂ ನನಗೆ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಪುಟ್ಟಿ ತಾಳ್ಮೆಯಿಂದ ಕೇಳಿಸಿಕೊಂಡು, "ಅದಕ್ಕೆ ಕೇಸು ಹಾಕೋರು ಹಾಕ್ತಾರೆ ಮಾವ, ನನಗೆ ಇನ್ನು ಐದು ತಿಂಗಳಿದೆ" ಎಂದು ಮುಂದಿನ ಪುಟ ತಿರುವಿದಳು.

ಅವಳು ಹೇಳಿದ್ದು ಸರಿ ಎಂದು ನನಗೆ ಅರ್ಥವಾದದ್ದು ಮಾರನೆಯ ದಿನ ಕೋರ್ಟಿನಲ್ಲಿ. ನಾವು ಅಲ್ಲಿ ಮಾಡುವುದೂ ಅದನ್ನೇ. ಕಕ್ಷಿದಾರ ಬಂದು ಎರಡು ಗಂಟೆ ತನ್ನ ಕಥೆ ಹೇಳುತ್ತಾನೆ. ತಾತ ಬಾವಿ ತೋಡಿಸಿದ್ದು, ಚಿಕ್ಕಪ್ಪ ಹುಣಸೆಮರ ಕಡಿಸಿದ್ದು, ದಾಯಾದಿಗಳು ಮದುವೆಗೆ ಕರೆಯದೆ ಹೋದದ್ದು. ನಾನು ಅದರಲ್ಲಿ ಎಂಟು ಪ್ಯಾರಾ ಮಾತ್ರ ದಾವಾಪತ್ರಕ್ಕೆ ಇಳಿಸುತ್ತೇನೆ. ಆಮೇಲೆ ನ್ಯಾಯಾಧೀಶರಿಗೆ ಇರುವುದು ಆ ಎಂಟು ಪ್ಯಾರಾ, ನಿಶಾನೆ ಹಾಕಿದ ದಾಖಲೆಗಳು, ಸಾಕ್ಷಿಯ ಬಾಯಿಂದ ಬಂದು ಟೈಪಾದ ಮಾತು. ಕಡತದಲ್ಲಿ ಇಲ್ಲದ್ದನ್ನು ಅವರು ಊಹಿಸಿಕೊಳ್ಳುವ ಹಾಗಿಲ್ಲ. ಹದಿನೇಳು ವರ್ಷದ ಹುಡುಗರಿಗೆ ಆ ಶಿಸ್ತನ್ನು ಮೊದಲ ದಿನವೇ ಕಲಿಸುವ ಪರೀಕ್ಷೆ ಇದು ಎಂದುಕೊಂಡೆ. ಹಾಗಂದುಕೊಂಡರೂ ಆ ಪ್ಯಾಸೇಜಿನ ಮುದುಕರು ಮಾತ್ರ ತಲೆಯಿಂದ ಇಳಿಯಲಿಲ್ಲ. ಯಾಕೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಯಾವ ಭಾಷೆ

ಪುಟ್ಟಿ ಏಳನೇ ತರಗತಿವರೆಗೆ ಓದಿದ್ದು ಕೊರಟಗೆರೆ ತಾಲ್ಲೂಕಿನ ಅವಳೂರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಬೇರೆ ಭಾಷೆಗಳಲ್ಲೂ ನಡೆಸಬೇಕು ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಪರೀಕ್ಷೆ ಮಾತ್ರ ಇವತ್ತಿಗೂ ಇಂಗ್ಲಿಷಿನಲ್ಲೇ. 2010ರಲ್ಲಿ ಶಮ್ನಾದ್ ಬಷೀರ್ ಅವರು ಬಡ ಮಕ್ಕಳನ್ನು ಲಾ ಸ್ಕೂಲುಗಳಿಗೆ ಸೇರಿಸಲೆಂದೇ ಐಡಿಯಾ ಎಂಬ ಸಂಸ್ಥೆ ಕಟ್ಟಿದಾಗ ಅವರ ಕಣ್ಣಿಗೆ ಬಿದ್ದದ್ದೂ ಇದೇ ಗೋಡೆ. ಹಳ್ಳಿಯ ಮಕ್ಕಳಿಗೆ ಬುದ್ಧಿಯ ಕೊರತೆ ಇರಲಿಲ್ಲ, ಬಾಗಿಲಿನ ಬೀಗಕ್ಕೆ ಬೇರೆ ಭಾಷೆಯ ಕೀಲಿ ಬೇಕಿತ್ತು.

ಪುಟ್ಟಿ ಆ ಕೀಲಿಯನ್ನು ತಾನೇ ಮಾಡಿಕೊಂಡಳು. ಬೆಳಿಗ್ಗೆ ಐದಕ್ಕೆ ಎದ್ದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದುತ್ತಿದ್ದಳು. ಗೊತ್ತಾಗದ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದು ಎದುರಿಗೆ ಕನ್ನಡ ಅರ್ಥ. ಆ ನೋಟ್‌ಬುಕ್ಕುಗಳು ಐದಾದವು. ಮೊದಲ ನೋಟ್‌ಬುಕ್ಕಿನಲ್ಲಿ ಒಂದು ಪ್ಯಾಸೇಜ್ ಓದುವುದಕ್ಕೆ ಹಿಡಿದ ಸಮಯ ಹನ್ನೊಂದು ನಿಮಿಷ ಎಂದು ಬರೆದಿದ್ದಾಳೆ, ಐದನೆಯದರಲ್ಲಿ ಮೂರು ನಿಮಿಷ. ತುಮಕೂರಿನಲ್ಲಿ ನೀಟ್, ಸಿಇಟಿಗೆ ಗಲ್ಲಿಗೊಂದು ಕೋಚಿಂಗ್ ಇದೆ. ಕ್ಲ್ಯಾಟ್‌ಗೆ ಕೇಳಿದರೆ "ಅದ್ಯಾವುದು ಸಾರ್" ಎಂದವರೇ ಹೆಚ್ಚು. ಬೆಂಗಳೂರಿಗೆ ಕಳಿಸಲು ಅವಳಪ್ಪನ ಕೈಯಲ್ಲಿ ಆಗುತ್ತಿರಲಿಲ್ಲ. ಆನ್‌ಲೈನ್ ತರಗತಿಗೆ ನಾನು ಕಟ್ಟಿದೆ. ಮಿಕ್ಕಿದ್ದೆಲ್ಲ ಅವಳ ಬೆಳಗಿನ ಐದು ಗಂಟೆ.

ಕನ್ನಡದಲ್ಲೇ ಪರೀಕ್ಷೆ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದಿದ್ದೇನೆ. ಈಗಲೂ ಇರಬೇಕೆಂದೇ ನನ್ನ ವಾದ. ಆದರೆ ನಾವು ವಕೀಲರು ಬರೆಯುವ ಕನ್ನಡವನ್ನು ಒಮ್ಮೆ ನೋಡಿ. "ಸದರಿ ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಹಕ್ಕು, ಹಿತಾಸಕ್ತಿ, ಭಾದ್ಯತೆಗಳನ್ನು ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯ, ಪ್ರೇರೇಪಣೆಗಳಿಗೂ ಒಳಗಾಗದೆ, ಪೂರ್ಣ ಮನಸ್ಸಿನಿಂದ ಬಿಟ್ಟುಕೊಟ್ಟಿರುತ್ತೇನೆ." ಇದು ಕನ್ನಡವೇ. ಆದರೆ ರಾಗಿ ಕಳೆ ತೆಗೆದು ಬಂದ ಹೆಂಗಸಿನ ಮುಂದೆ ಇದನ್ನಿಟ್ಟರೆ ಅವಳಿಗೂ ಇದು ಬೇರೆ ದೇಶದ ಭಾಷೆ. "ಬಾಧ್ಯತೆ" ಎಂಬುದನ್ನು ತಪ್ಪಾಗಿ ಟೈಪು ಮಾಡಿದ್ದನ್ನೂ ಹಾಗೇ ಬಿಟ್ಟಿದ್ದೇನೆ, ಮೂಲದಲ್ಲಿ ಹಾಗೇ ಇದೆ. ಅದನ್ನು ಬರೆದವನು ನಾನು.

2014ರ ಒಂದು ಬುಧವಾರ

ನಮ್ಮ ತಂದೆ ತೀರಿಕೊಂಡದ್ದು 2011ರಲ್ಲಿ. ಮಧುಗಿರಿ ಕಡೆ ನಮ್ಮದು 4 ಎಕರೆ 10 ಗುಂಟೆ ಖುಷ್ಕಿ, ತಾತನ ಕಾಲದಿಂದ ಬಂದದ್ದು. ಕಡ್ಲೆಕಾಯಿ, ರಾಗಿ, ಬದುವಿನಲ್ಲಿ ಏಳು ಹುಣಸೆಮರ. ಅಣ್ಣ, ಅಕ್ಕ, ನಾನು, ಮೂವರೇ ಮಕ್ಕಳು. ಅಮ್ಮ ಅಪ್ಪನಿಗಿಂತ ಮುಂಚೆಯೇ ಹೋಗಿದ್ದಳು. ಖಾತೆ ಮಾಡಿಸಬೇಕು, ಅಣ್ಣನಿಗೆ ಬೋರ್‌ವೆಲ್ ಸಾಲ ಬೇಕು, ಬ್ಯಾಂಕಿನವರು ಅಕ್ಕನ ಸಹಿ ಕೇಳುತ್ತಾರೆ. ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ ಎಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ನಮ್ಮ ಕಡೆ ಮನೆಮನೆಯ ಮಾತಾಯಿತು. ಕಾನೂನು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಊರು ಆ ಪಾಲನ್ನು ವಾಪಸ್ಸು ಬರೆಸಿಕೊಳ್ಳುವ ಕಾಗದ ಕಂಡುಕೊಂಡಿತು. ನಾನು ಎಷ್ಟು ಬಿಡುಗಡೆ ಪತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಅಕ್ಕನದನ್ನೂ ನಾನೇ ಬರೆದೆ.

ಆ ದಿನ ಅಕ್ಕ ಪುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಸ್ಸಿಳಿದಳು. ಅವಳು ಆಗ ಒಂದನೇ ತರಗತಿ. ಉಪನೋಂದಣಿ ಕಚೇರಿಯ ಮುಂದೆ ಅಣ್ಣ ಆಗಲೇ ಇಬ್ಬರು ಸಾಕ್ಷಿಗಳನ್ನು ಕರೆತಂದು ನಿಲ್ಲಿಸಿದ್ದ. ಅತ್ತಿಗೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ಹಸಿರು ರೇಷ್ಮೆ ಸೀರೆ ತಂದಿದ್ದಳು. ಬೇವಿನಮರದ ಕೆಳಗೆ ಅದನ್ನು ಅಕ್ಕನ ಮಡಿಲಿಗೆ ಹಾಕಿದರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನಾನು ಪತ್ರ ತೆಗೆದೆ. ನಾಲ್ಕು ಪುಟ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದವಳು, ವಾರಪತ್ರಿಕೆಯ ಧಾರಾವಾಹಿ ಬಿಡದೆ ಓದುವವಳು. ಕೈ ಚಾಚಿ ಪತ್ರ ತೆಗೆದುಕೊಂಡಳು. ಮೊದಲ ಸಾಲಿನ ಮೇಲೆ ಅವಳ ಕಣ್ಣು ಓಡುತ್ತಿದ್ದುದನ್ನು ನಾನು ಕಂಡೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಟೋಕನ್ ಕೂಗಿದರು. "ಓದೋದೇನಿದೆ ಅಕ್ಕ, ನಾನೇ ಬರೆದಿರೋದು" ಎಂದೆ. ಅವಳು ನಕ್ಕು ಪತ್ರವನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು.

ಅಧಿಕಾರಿ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ತಲೆಯೆತ್ತಿ ಅಕ್ಕನನ್ನು ನೋಡಿ, "ಒಪ್ಪಿ ಮಾಡ್ತಿದೀರೇನಮ್ಮ?" ಎಂದು ಕೇಳಿದರು. ಅಕ್ಕ ಅವರ ಕಡೆ ನೋಡದೆ ನನ್ನ ಕಡೆ ನೋಡಿ "ಹ್ಞೂಂ" ಎಂದಳು. ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆದರು. ಸಹಿ, ಹೆಬ್ಬೆಟ್ಟು. ಹೆಬ್ಬೆಟ್ಟಿನ ಮಸಿ ನೋಡಿ ಪುಟ್ಟಿ ತನಗೂ ಬೇಕು ಎಂದು ಹಟ ಹಿಡಿದಳು. ಸಾಕ್ಷಿಗೆ ಬಂದಿದ್ದವರೊಬ್ಬರು ಅವಳ ಪುಟ್ಟ ಬೆರಳಿಗೆ ಮಸಿ ಮುಟ್ಟಿಸಿ ಹಳೆ ಪತ್ರಿಕೆಯ ಮೇಲೆ ಒತ್ತಿಸಿದರು. ಆ ಮಸಿ ಎರಡು ದಿನ ಹೋಗಲಿಲ್ಲವಂತೆ. ಕೊಬ್ಬರಿ ಮಿಠಾಯಿ ತಿಂದರೂ ಬೆರಳು ಚೀಪದೆ ಜೋಪಾನ ಮಾಡಿದ್ದಳಂತೆ.

ಅಕ್ಕನಿಗೆ ಮೋಸವಾಯಿತು ಎಂದು ನನಗೆ ಆಗ ಅನಿಸಿರಲಿಲ್ಲ. ಅವಳಿಗೂ ಅನಿಸಿರಲಿಲ್ಲವೇನೋ. ಜಮೀನು ಕೇಳಿದ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲದ ಮಾತು. ಗೌರಿಹಬ್ಬಕ್ಕೆ ಬಾಗಿನ ಬೇಕು, ಬಾಣಂತನಕ್ಕೆ ತವರು ಬೇಕು, ಗಂಡನ ಮನೆಯಲ್ಲಿ ಏನಾದರೂ ಆದರೆ ಬಂದು ನಿಲ್ಲುವುದಕ್ಕೆ ಒಂದು ಹೊಸ್ತಿಲು ಬೇಕು. ಇವೆಲ್ಲ ತಕ್ಕಡಿಯ ಒಂದು ಕಡೆ, ಒಂದು ಎಕರೆ ಹದಿನಾರು ಗುಂಟೆ ಚಿಲ್ಲರೆ ಇನ್ನೊಂದು ಕಡೆ. ನಾನು ಬರೆದ ಪತ್ರದಲ್ಲಿ ಇದಾವುದೂ ಇಲ್ಲ. ಅಲ್ಲಿ ಇರುವುದು ಸ್ವಇಚ್ಛೆ, ಪೂರ್ಣ ಮನಸ್ಸು.

ಹತ್ತು ವರ್ಷದ ಪುರಾವೆ

ಅರ್ಜಿಯ ಗಲಾಟೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದನ್ನು ಪಟ್ಟವರಿಗೆಲ್ಲ ಗೊತ್ತು. ಶುಲ್ಕ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500. ಬರೀ ಅರ್ಜಿಗೆ ಇಷ್ಟೊಂದಾ ಎಂದು ಅವಳಪ್ಪ ಎರಡೆರಡು ಸಲ ಕೇಳಿದರು. ದೆಹಲಿಯ ಲಾ ಯೂನಿವರ್ಸಿಟಿಗೆ ಪರೀಕ್ಷೆಯೇ ಬೇರೆ, ಶುಲ್ಕವೂ ಬೇರೆ, ಅದನ್ನು ಬಿಟ್ಟಳು. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲು ಇದೆ. ಅದರದೊಂದು ದೊಡ್ಡ ಕಥೆ: 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ತಂದಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ರದ್ದು ಮಾಡಿತು, ಮರುವರ್ಷ ಲಾ ಸ್ಕೂಲೇ ತನ್ನ ಪ್ರವೇಶ ನಿಯಮದಲ್ಲಿ ಅದನ್ನು ಸೇರಿಸಿಕೊಂಡಿತು. ರಾಜ್ಯದಲ್ಲಿ ಹತ್ತು ವರ್ಷ ಓದಿದ ದಾಖಲೆ ಬೇಕು.

ಆ ದಾಖಲೆಗಾಗಿ ಅವಳೂರಿನ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕಿ ಬೀರುವಿನಿಂದ ದಾಖಲಾತಿ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಪುಟ್ಟಿಯ ಸಾಲು ಹುಡುಕಿದರು. ತಂದೆಯ ಹೆಸರಿನ ಇನಿಶಿಯಲ್ ಒಂದಕ್ಷರ ವ್ಯತ್ಯಾಸ. ನಾನು ಅಫಿಡವಿಟ್ ಮಾಡಿಸೋಣ ಎನ್ನುವಷ್ಟರಲ್ಲಿ ಪುಟ್ಟಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರನ್ನೂ ಸಾಲಾಗಿ ಜೋಡಿಸಿಟ್ಟು, ಯಾವುದರಲ್ಲಿ ಹೇಗಿದೆ ಎಂದು ತೋರಿಸಿದಳು. ಶಿಕ್ಷಕಿ ನನ್ನ ಕಡೆ ತಿರುಗಿ, "ನೀವು ವಕೀಲರೋ ಇವಳೋ?" ಎಂದರು. ಆ ಊರಿನಲ್ಲಿ ಅವತ್ತು ಅವಳ ಮುಖದಲ್ಲಿ ಕಂಡ ಬೆಳಕು ನನಗೆ ಯಾವ ರ್ಯಾಂಕಿಗಿಂತಲೂ ದೊಡ್ಡದು.

ಕ್ಲ್ಯಾಟ್ ಆಗದಿದ್ದರೆ ಲಾ ಓದಲು ಬೇರೆ ದಾರಿಯೇ ಇಲ್ಲವೆಂದು ಎಷ್ಟೋ ಮಕ್ಕಳು ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು, ಅದರಡಿಯ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆಯೇ ಐದು ವರ್ಷದ ಕೋರ್ಸಿಗೆ ಸೇರಬಹುದು. ನಮ್ಮ ತುಮಕೂರಿನಲ್ಲೇ ಇವೆ. ನಮ್ಮ ಕೋರ್ಟಿನ ಅತ್ಯುತ್ತಮ ಸಿವಿಲ್ ವಕೀಲರು ಅಂಥ ಕಾಲೇಜುಗಳಿಂದಲೇ ಬಂದವರು. ಆದರೂ ಪುಟ್ಟಿ ಆ ದೊಡ್ಡ ಬಾಗಿಲಿನಲ್ಲೇ ಹೋಗಲಿ ಎಂದು ನನಗೆ ಆಸೆ. ಹೈಕೋರ್ಟ್, ಸುಪ್ರೀಂ ಕೋರ್ಟುಗಳಲ್ಲಿ ಕಾನೂನಿನ ಅರ್ಥ ನಿಗದಿಯಾಗುವ ಜಾಗಗಳಲ್ಲಿ, ಪಹಣಿಯ ಕಾಲಂಗಳನ್ನು ಬೆರಳಿಟ್ಟು ಓದಬಲ್ಲವರು, ಬೇವಿನಮರದ ಕೆಳಗಿನ ಸೀರೆಯನ್ನು ಕಂಡವರು ಇರಬೇಕು.

ಅಕ್ಟೋಬರಿನ ಸಂಜೆ

ಆಯುಧಪೂಜೆ ಮುಗಿದ ವಾರ. ಮಳೆ ಹಿಡಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಾನು ಮಾರನೆಯ ದಿನದ ವಾಯಿದೆಗಳ ಕಡತ ನೋಡುತ್ತಿದ್ದೆ, ಪುಟ್ಟಿ ಎದುರಿಗೆ ಅಭ್ಯಾಸ ಪತ್ರಿಕೆ ಬಿಡಿಸುತ್ತಿದ್ದಳು. ಪ್ಯಾಸೇಜ್ 2020ರ ಆಗಸ್ಟಿನ ವಿನೀತಾ ಶರ್ಮಾ ತೀರ್ಪಿನ ಮೇಲೆ. 2005ರ ತಿದ್ದುಪಡಿಯ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಅದು ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಫೂಲವತಿ ಪ್ರಕರಣ. ವಿನೀತಾ ಶರ್ಮಾದಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ತಂದೆ ಅವತ್ತು ಇದ್ದನೋ ಇಲ್ಲವೋ ಮುಖ್ಯವಲ್ಲ.

ಅವಳು ಐದು ಪ್ರಶ್ನೆಯನ್ನೂ ಮುಗಿಸಿ ಉತ್ತರ ತಾಳೆ ನೋಡಿಕೊಂಡಳು. ಐದೂ ಸರಿ. ಪೆನ್ನಿನ ಕ್ಯಾಪು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

"ಮಾವ, ತಾತ ಹೋಗಿದ್ದು 2011 ಅಲ್ವಾ?"

"ಹೌದು."

"ಹಂಗಾದ್ರೆ ಹಳೇ ತೀರ್ಪಿನ ಪ್ರಕಾರಾನೂ ಅಮ್ಮನಿಗೆ ಪಾಲಿತ್ತು, ಹೊಸಾದ್ರಲ್ಲೂ ಇತ್ತು."

"ಇತ್ತು."

"ಅವತ್ತು ನನ್ನ ಬೆರಳಿಗೆ ಮಸಿ ಹಚ್ಚಿದ್ರಲ್ಲ, ಅವತ್ತು ಅಮ್ಮ ಸೈನ್ ಮಾಡಿದ್ದು ಇದನ್ನೇನಾ?"

ಹೊರಗೆ ಮಳೆ. ಒಳಗೆ ನನ್ನ ಹೆಂಡತಿ ತರಕಾರಿ ಹೆಚ್ಚುವ ಸದ್ದು ನಿಂತಿತು. ನಾನು ಹೌದು ಎಂದೆನೋ, ತಲೆಯಾಡಿಸಿದೆನೋ ನೆನಪಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಜುಲೈನಲ್ಲಿ ನನಗೆ ತಪ್ಪು ತಿದ್ದಿ ಹೇಳಿದಾಗ ಇದ್ದ ಗಮನವೇ ಇತ್ತು.

"ಅಮ್ಮ ಅದನ್ನ ಓದಿದ್ಳಾ ಮಾವ?"

ಇದೇ ಆ ಪ್ರಶ್ನೆ. ಕಟಕಟೆಯಲ್ಲಿ ನಿಂತಿದ್ದರೆ ಎದುರಿನ ವಕೀಲನಿಗೆ ಹೇಳುವ ಉತ್ತರ ನನ್ನ ಹತ್ತಿರ ಇತ್ತು. ದಾಖಲೆಯಲ್ಲಿ "ಓದಿಸಿ ಕೇಳಿ, ಸರಿಯಿದೆ ಎಂದು ಒಪ್ಪಿ" ಎಂದು ನಾನೇ ಬರೆದಿದ್ದೇನೆ. ನೋಂದಣಿಯಾದ ಪತ್ರ. ಅದನ್ನು ರದ್ದುಪಡಿಸಲು ದಾವೆ ಹೂಡಬೇಕಿದ್ದರೆ ಮೂರು ವರ್ಷದ ಕಾಲಮಿತಿ, ಅದು ಎಂದೋ ಮುಗಿದಿದೆ. ಇವೆಲ್ಲ ಆ ಹುಡುಗಿಗೂ ಗೊತ್ತು. ಪ್ಯಾಸೇಜಿನಲ್ಲಿ ಇರುವುದಷ್ಟನ್ನೇ ಓದಿ ಉತ್ತರಿಸಿದರೆ ಅವಳಮ್ಮ ಬದ್ಧಳು. ಅವಳು ಕೇಳಿದ್ದು ಪ್ಯಾಸೇಜಿನ ಹೊರಗಿನದು. "ಓದೋದೇನಿದೆ ಅಕ್ಕ" ಎಂದ ಮಾತು ಯಾವ ಕಡತದಲ್ಲೂ ಇಲ್ಲ. ಅದು ಇರುವುದು ನನ್ನ ಕಿವಿಯಲ್ಲಿ, ಅಕ್ಕನ ಕಿವಿಯಲ್ಲಿ.

ಆ ರಾತ್ರಿ ನಾನು ಪುಟ್ಟಿಗೆ ಉತ್ತರ ಹೇಳಲಿಲ್ಲ. ನವೆಂಬರಿನಲ್ಲಿ ನನ್ನ ಪಾಲಿಗೆ ಬಂದಿರುವ 2 ಎಕರೆ 5 ಗುಂಟೆಯಲ್ಲಿ 28 ಗುಂಟೆ ಬೇರೆ ಮಾಡಲು ಇಲೆವೆನ್ ಇ ಸ್ಕೆಚ್‌ಗೆ ಅರ್ಜಿ ಹಾಕಿದೆ. ಅಕ್ಕನ ಪಾಲಿನಲ್ಲಿ ನಾನು ಇಟ್ಟುಕೊಂಡಿದ್ದು ಅಷ್ಟು. ಸರ್ವೇಯರ್ ಬಂದು ಅಳೆದು ನಕ್ಷೆ ಆದರೆ ದಾನಪತ್ರ ಮಾಡಿಸಬಹುದು. ಅಣ್ಣನದು ಅಣ್ಣನಿಗೆ ಬಿಟ್ಟದ್ದು, ಅವನಿಗೆ ಹೇಳಿದ್ದೇನೆ, ಅವನಿನ್ನೂ ನನ್ನ ಫೋನು ಎತ್ತುತ್ತಿಲ್ಲ. ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು "ನಿನ್ ಹೆಂಡ್ತೀನ ಕೇಳಿದ್ಯೇನೋ?" ಎಂದು. ಕೇಳಿದ್ದೇನೆ ಎಂದೆ. ಅವಳು ಬೇರೆ ಮಾತು ತೆಗೆದಳು.

ಆದ್ಯತೆ ಪಟ್ಟಿ

ಪರೀಕ್ಷೆ ಮುಗಿದ ಮೇಲೆ ಮಗಳನ್ನು ಒಂದು ವಾರ ಊರಿಗೆ ಕರೆದುಕೊಂಡು ಹೋಗಲು ಅಕ್ಕ ಬಂದಳು. ರಾತ್ರಿ ಊಟದ ಹೊತ್ತಿಗೆ ಪುಟ್ಟಿ ಲಾ ಸ್ಕೂಲುಗಳ ಆದ್ಯತೆ ಪಟ್ಟಿ ಹಾಳೆಯಲ್ಲಿ ಬರೆದಿಟ್ಟುಕೊಂಡು ಅಮ್ಮನಿಗೆ ವಿವರಿಸುತ್ತಿದ್ದಳು. ಇಪ್ಪತ್ತಕ್ಕೂ ಹೆಚ್ಚು ಊರುಗಳು. ಬೆಂಗಳೂರು, ಹೈದರಾಬಾದ್, ಕೋಲ್ಕತ್ತ, ಜೋಧಪುರ, ಭೋಪಾಲ್, ಗುವಾಹಟಿವರೆಗೆ. ಕೌನ್ಸೆಲಿಂಗ್ ಸುತ್ತುಗಳಲ್ಲಿ ಸಿಕ್ಕಿದ್ದನ್ನೇ ಹಿಡಿದುಕೊಳ್ಳಬೇಕೋ, ಮೇಲಿನದಕ್ಕೆ ಕಾಯಬೇಕೋ, ಬಿಟ್ಟು ಹೊರಡಬೇಕೋ ಎಂದು ಹೇಳಬೇಕು. ಅಕ್ಕ ಪ್ರತಿ ಊರಿಗೂ ಒಂದೇ ಪ್ರಶ್ನೆ ಕೇಳಿದಳು: "ರೈಲಿನಲ್ಲಿ ಎಷ್ಟೊತ್ತು?" ಗುವಾಹಟಿಗೆ ಎರಡು ದಿನಕ್ಕೂ ಮೇಲೆ ಎಂದಾಗ ಅನ್ನದ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ "ಸಿಕ್ಕಿದ್ರೆ ಹೋಗು" ಎಂದಳು.

ಊಟವಾದ ಮೇಲೆ ಪುಟ್ಟಿ ನನ್ನ ಕಡೆ ನೋಡಿದಳು. ನಾನು ಬೀರುವಿನಿಂದ 2014ರ ಪತ್ರದ ದೃಢೀಕೃತ ನಕಲು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅದನ್ನು ತೆಗೆಸಿಟ್ಟಿದ್ದು ನವೆಂಬರಿನಲ್ಲೇ, ಕೊಡುವುದಕ್ಕೆ ಇಷ್ಟು ದಿನ ಬೇಕಾಯಿತು.

"ಅವತ್ತು ನಾನು ನಿನಗೆ ಓದೋಕೆ ಬಿಡ್ಲಿಲ್ಲ ಅಕ್ಕ" ಎಂದೆ.

ಅಕ್ಕ ಕೈ ಸೆರಗಿಗೆ ಒರೆಸಿಕೊಂಡು ಕನ್ನಡಕ ಹುಡುಕಿದಳು. ಬೆಳಕಿನ ಕೆಳಗೆ ಮಣೆ ಎಳೆದುಕೊಂಡು ಕೂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದತೊಡಗಿದಳು. ಪುಟ್ಟಿ ಪಕ್ಕದಲ್ಲಿ ಕೂತಿದ್ದಳು, ಒಂದು ಪದವನ್ನೂ ಬಾಯಿಗೆ ಕೊಡಲಿಲ್ಲ. ಮೊದಲ ಪುಟಕ್ಕೆ ಎಂಟು ಹತ್ತು ನಿಮಿಷವಾಗಿರಬೇಕು. ಎರಡನೇ ಪುಟದ ನಡುವೆ ಬೆರಳು ನಿಂತಿತು.

"ಪ್ರೇರೇಪಣೆ ಅಂದ್ರೇನೋ?"

"ಯಾರೋ ಮನಸ್ಸಿಗೆ ಹತ್ತಿಸಿ ಒಪ್ಸೋದು ಅಕ್ಕ."

"ಹ್ಞೂಂ" ಎಂದು ಅವಳು ಆ ಪದದ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟಿದ್ದಳು. ಆಮೇಲೆ ಮುಂದಿನ ಸಾಲಿಗೆ ಸರಿಸಿದಳು. ಇನ್ನೂ ಎರಡೂವರೆ ಪುಟವಿತ್ತು. ನನ್ನ ಹೆಂಡತಿ ಹಾಲಿನ ಒಲೆ ಸಣ್ಣಗೆ ಮಾಡಿದಳು.